ಹದಿನಾಲ್ಕು ಡಿಗ್ರಿ ಉತ್ತರ

ಮಾರ್ಚ್ ಎರಡನೇ ವಾರ. ಬೆಳಗ್ಗೆ ಏಳೂವರೆಗೆ ಕೊರಟಗೆರೆ ಬಸ್ ನಿಲ್ದಾಣದಲ್ಲಿ ಇಳಿಯುತ್ತೀರಿ. ಬಿಸಿಲು ಆಗಲೇ ಕತ್ತಿಗೆ ತಾಗುತ್ತಿದೆ. ಹೋಟೆಲಿನ ಬಾಗಿಲಲ್ಲಿ ತಟ್ಟೆ ಇಡ್ಲಿಯ ಹಬೆ, ಪ್ಲಾಟ್‌ಫಾರಂ ಮೇಲೆ ಸೇವಂತಿಗೆ ಮೂಟೆ, ಕಲ್ಲುಬೆಂಚಿನ ಮೇಲೆ ಸಾಲಾಗಿ ಕೂತ ಎಸ್ಸೆಸ್ಸೆಲ್ಸಿ ಹುಡುಗರು. ಪರೀಕ್ಷೆ ಹತ್ತಿರ ಬಂದಿದೆ. ಒಬ್ಬ ಪ್ರಶ್ನೆ ಕೇಳುತ್ತಾನೆ, ಉಳಿದವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಭೂಮಿಯ ಆ ಮಗ್ಗುಲಲ್ಲಿ, ಹೆಚ್ಚುಕಡಿಮೆ ಈ ಸೀಮೆಯದೇ ಅಕ್ಷಾಂಶದಲ್ಲಿ, ಗ್ವಾಟೆಮಾಲಾ ಅಂತೊಂದು ದೇಶವಿದೆ. ಅಮೆರಿಕ, ಯೂರೋಪಿನ ಹುಡುಗ ಹುಡುಗಿಯರು ಹೆಗಲಿಗೆ ಚೀಲ ಏರಿಸಿ ಅಲ್ಲಿಗೆ ಹೋಗುತ್ತಾರೆ. ಅಂಟಿಗುವಾದಲ್ಲಿ ಕೂತು ಸ್ಪ್ಯಾನಿಷ್ ಕಲಿಯುತ್ತಾರೆ, ಮೊಂಟೆರಿಕೊದ ಕಪ್ಪು ಮರಳಿನ ಮೇಲೆ ಬಿದ್ದುಕೊಳ್ಳುತ್ತಾರೆ, ಸಂಜೆ ಕಡಲಾಮೆ ಮರಿಗಳನ್ನು ನೀರಿಗೆ ಬಿಡುವುದನ್ನು ನೋಡುತ್ತಾರೆ. ಉಷ್ಣವಲಯದ ನಾಡು, ತೀರ, ವನ್ಯಜೀವಿ, ಭಾಷಾ ತರಗತಿ ಎಲ್ಲ ಒಂದೇ ಕಟ್ಟಿನಲ್ಲಿ. ಆ ಕಪ್ಪು ಮರಳು ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನೀವು ನಾಳೆ ತಲುಪಲಿರುವ ಪಾವಗಡವೂ ಅದೇ 14ರ ಮೇಲಿದೆ. ಎರಡೂ ಕಡೆ ನೆತ್ತಿಯ ಮೇಲಿನ ಸೂರ್ಯ ಒಬ್ಬನೇ. ಮಳೆಯ ಪಾಲು ಮಾತ್ರ ಬೇರೆ: ಅಲ್ಲಿಗೆ ಮಹಾಸಾಗರ ನೇರವಾಗಿ ಕಳಿಸುತ್ತದೆ, ಇಲ್ಲಿಗೆ ಸಹ್ಯಾದ್ರಿ ತಾನು ತಗೊಂಡು ಮಿಕ್ಕಿದ್ದನ್ನು ಬಿಡುತ್ತದೆ.

ಕೊರಟಗೆರೆಯಿಂದ ಹೊಳವನಹಳ್ಳಿ ಕಡೆಯ ಆಟೊ ಹತ್ತಿ. ಆರು ಜನ ತುಂಬುವವರೆಗೂ ಹೊರಡುವುದಿಲ್ಲ, ಹೊರಟಾಗ ಒಂಬತ್ತು ಜನ ಇರುತ್ತೀರಿ. ಪಕ್ಕದ ಅಜ್ಜಿಯ ಮಡಿಲಲ್ಲಿ ಎಲೆಯಡಿಕೆ ಚೀಲ. ಅವರು ನಿಮ್ಮ ಬೂಟನ್ನು ಒಂದು ಸಲ, ಮುಖವನ್ನು ಒಂದು ಸಲ ನೋಡುತ್ತಾರೆ.

"ಯಾರ ಮನೆಗೆ ಬಂದ್ರಪ್ಪ?"

"ಯಾರ ಮನೆಗೂ ಇಲ್ಲಜ್ಜಿ, ಹೊಳೆ ನೋಡೋಣ ಅಂತ."

"ಹೊಳೇಲಿ ಏನೈತೆ? ಮರಳೂ ಹೋಯ್ತು."

ಅಜ್ಜಿಯದು ಅರ್ಧ ಸತ್ಯ. ಸೇತುವೆಯ ಹತ್ತಿರ ಇಳಿದು ದಡದ ಸೀಮೆಜಾಲಿ ಪೊದೆಗಳನ್ನು ಬಳಸಿ ಕೆಳಗೆ ಹೋದರೆ ಒಂದು ತಿರುವಿನಲ್ಲಿ ಇನ್ನೂ ಮರಳಿದೆ. ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಿ. ಕಾಲಿಗೆ ಮೊದಲು ತಾಗುವುದು ಬಿಸಿ. ಬೆರಳು ಒತ್ತಿದರೆ ಒಂದು ಗೇಣು ಕೆಳಗೆ ತಂಪು. ಒಂದು ಹಿಡಿ ಎತ್ತಿ ಬಿಸಿಲಿಗೆ ಹಿಡಿದು ನೋಡಿ: ಬಿಳಿ ಬೆಣಚು, ಮಾಸಲು ಗುಲಾಬಿ ಹರಳು, ನಡುವೆ ಮಿಣಮಿಣ ಅನ್ನುವ ಕಾಗೆಬಂಗಾರದ ಚೂರು. ಈ ಸೀಮೆಯ ಬೆಟ್ಟಗಳೆಲ್ಲ ಬೋಳು ಬಂಡೆ. ಬಿಸಿಲಿಗೆ ಬಿರಿದು, ಮಳೆಗೆ ಉದುರಿ, ಲಕ್ಷಾಂತರ ವರ್ಷ ಉರುಳಿದ ಮೇಲೆ ನಿಮ್ಮ ಅಂಗೈಗೆ ಬಂದಿವೆ. ಇನ್ನೂ ಒಂದು ಮೊಳ ತೋಡಿ. ಕೆಳಗಿನ ಮರಳು ಕಪ್ಪಾಗುತ್ತದೆ, ಅಂಚು ಕುಸಿಯುತ್ತದೆ, ತಳದಲ್ಲಿ ನಾಣ್ಯದಗಲ ನೀರು ಕಣ್ಣುಬಿಡುತ್ತದೆ. ಇದೇ ವರ್ತಿ. ಕೊಳಾಯಿ ಬರುವ ಮೊದಲು ಹೊಳೆಸಾಲಿನ ಹೆಂಗಸರು ಚಿಪ್ಪಿನಲ್ಲಿ ಬಗ್ಗಿ ಬಗ್ಗಿ ಕೊಡ ತುಂಬಿಸಿದ್ದು ಹೀಗೆ ತೋಡಿದ ಗುಂಡಿಗಳಿಂದ.

ಈ ಹೊಳೆ ಜಯಮಂಗಲಿ, ಹುಟ್ಟುವುದು ದೇವರಾಯನದುರ್ಗದ ಬೆಟ್ಟಗಳಲ್ಲಿ. ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ದಾಟಿ ಆಂಧ್ರದಲ್ಲಿ ಉತ್ತರ ಪಿನಾಕಿನಿಗೆ ಸೇರುತ್ತದೆ. ಹರಿಯುವ ವರ್ಷಗಳು ಕಮ್ಮಿ, ಹರಿದರೆ ಸುಮ್ಮನೆ ಹರಿಯುವುದಿಲ್ಲ. 2022ರ ಮಳೆಗಾಲದಲ್ಲಿ ದಡದ ಊರುಗಳಿಗೇ ನುಗ್ಗಿತ್ತು. ತಿರುವು ದಾಟಿ ನಾಲ್ಕು ಹೆಜ್ಜೆ ಹಾಕಿದರೆ ಅಜ್ಜಿಯ ಮಾತಿನ ಉಳಿದರ್ಧ ಕಾಣುತ್ತದೆ. ಟ್ರ್ಯಾಕ್ಟರ್ ಚಕ್ರದ ಹಳೇ ಗುರುತು, ಆಳೆತ್ತರ ಕತ್ತರಿಸಿದ ದಡ, ಗುಂಡಿಯೊಳಗೆ ಬೇರುಬಿಟ್ಟ ಜಾಲಿ. ಬೆಂಗಳೂರು ಬೆಳೆದ ವರ್ಷಗಳಲ್ಲಿ ಈ ಹೊಳೆ ಲಾರಿ ಹತ್ತಿತು. ಹೊಳೆಯಲ್ಲಿ ಮರಳು ಮುಗಿದಾಗ ಕೆರೆಯಂಗಳದ ಮಣ್ಣನ್ನೇ ತೊಳೆದು ‘ಫಿಲ್ಟರ್ ಮರಳು’ ಮಾಡಿದರು. ತೀರ ಅನ್ನುವುದನ್ನು ಹೀಗೆ ಮನೆಗೋಡೆಯೊಳಗೆ ಸಾಗಿಸಬಹುದು ಅಂತ ಗ್ವಾಟೆಮಾಲಾ ಪ್ರವಾಸದ ಕರಪತ್ರ ಬರೆಯುವವರಿಗೆ ಹೊಳೆದಿರಲಿಕ್ಕಿಲ್ಲ.

ಮರಳಿಗೂ ನೀರಿಗೂ ಇರುವ ನಂಟನ್ನು ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಈ ನಾಲ್ಕು ತಾಲ್ಲೂಕಿನಷ್ಟು ಚೆನ್ನಾಗಿ ಅರಿತಿದ್ದ ಸೀಮೆ ಕಮ್ಮಿ. ಹೊಳೆಯಿಂದ ಮೇಲೆ ಬಂದು ಯಾವುದಾದರೂ ಹಳೇ ಕೆರೆಯ ಅಂಗಳಕ್ಕೆ ನಡೆಯಿರಿ, ಊರಿನ ಹಿರಿಯರನ್ನು ತಲಪರಿಗೆ ಎಲ್ಲಿ ಅಂತ ಕೇಳಿ. ಕೇಳಿದ ಕೂಡಲೇ ಅವರ ದನಿ ಏರುತ್ತದೆ. ಕೈಗೋಲು ಚಾಚಿ ತೋರಿಸುವುದು ಕಲ್ಲು ಕಟ್ಟಿದ ಒಂದು ಚೌಕ ಗುಂಡಿ. ಒಳಗೆ ಮರಳಿನಡಿಯಿಂದ ತಾನಾಗಿ ಏಳುವ ಊಟೆ, ಪಕ್ಕದಿಂದ ಗದ್ದೆಗೆ ಹೊರಟ ಕಾಲುವೆ. ಕೆರೆ ಬತ್ತಿದ ಮೇಲೂ ಇದು ಬತ್ತುತ್ತಿರಲಿಲ್ಲವಂತೆ. ಮನೆಗೊಂದಾಳಿನಂತೆ ಬಂದು ಹೂಳೆತ್ತಬೇಕು, ಬರದವನಿಗೆ ಸರದಿಯ ನೀರಿಲ್ಲ. ತುಮಕೂರಿನ ಮಲ್ಲಿಕಾರ್ಜುನ ಹೊಸಪಾಳ್ಯ ಊರೂರು ತಿರುಗಿ ಇವನ್ನು ದಾಖಲಿಸಿದ್ದಾರೆ. ಬೋರ್‌ವೆಲ್ಲುಗಳು ಸಾವಿರ ಅಡಿ ದಾಟಿದ ಮೇಲೆ ಎಷ್ಟೋ ತಲಪರಿಗೆಗಳು ಕಣ್ಣುಮುಚ್ಚಿದವು. ಉಳಿದವುಗಳ ಸುತ್ತ ನೆಲ ಈಗಲೂ ಹಸಿ, ಮಾರ್ಚಿನಲ್ಲೂ ಗರಿಕೆ ಹಸುರು.

ಮಧ್ಯಾಹ್ನ ಪುರವರ ದಾಟಿ ಕೊಡಿಗೇನಹಳ್ಳಿ. ಇಲ್ಲಿಂದಾಚೆ ಅಂಗಡಿ ಬೋರ್ಡು ಕನ್ನಡದಲ್ಲಿ, ಅಂಗಡಿಯೊಳಗಿನ ಚೌಕಾಸಿ ತೆಲುಗಿನಲ್ಲಿ. ಹಿಂದೂಪುರ ದೂರವಿಲ್ಲ. ಒಂದು ಎಳನೀರು ಕುಡಿದು ಮೈದನಹಳ್ಳಿಯ ದಾರಿ ಹಿಡಿಯಿರಿ. ನಾಲ್ಕು ಗಂಟೆಗೆ ಮುಂಚೆ ಹೋಗಿ ಪ್ರಯೋಜನವಿಲ್ಲ. ಬಿಸಿಲಿಗೆ ಅಲ್ಲಿನ ಕೃಷ್ಣಮೃಗಗಳೂ ನಮ್ಮ ಹಾಗೇ ನೆರಳು ಹುಡುಕುತ್ತವೆ.

ಕಾವಲು ಅಂತ ನಮ್ಮಲ್ಲಿ ಹೇಳುವ ಬಯಲು ಇದು. ದನ ಕುರಿ ಮೇಯಲು ಬಿಟ್ಟ ಹುಲ್ಲುಗಾವಲು, ನಡುನಡುವೆ ಅರಣ್ಯ ಇಲಾಖೆಯ ನೀಲಗಿರಿ ಸಾಲು. ಒಟ್ಟು 798 ಎಕರೆ. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಅಂತ ಘೋಷಣೆಯಾಯಿತು. ಬೇಲಿ ದಾಟಿದರೆ ರೈತನ ಹೊಲ, ಹೊಲ ದಾಟಿದರೆ ಊರು. ಕಾಡು ಅಂದರೆ ಮರ ಅಂದುಕೊಂಡು ಬಂದವರಿಗೆ ಇಲ್ಲಿ ನೋಡಲು ಏನೂ ಇಲ್ಲ ಅನ್ನಿಸುತ್ತದೆ, ಮೊದಲ ಹತ್ತು ನಿಮಿಷ.

ವೀಕ್ಷಣಾ ಗೋಪುರ ಏರಿ ಕೂರಿ, ಮಾತು ನಿಲ್ಲಿಸಿ. ಒಣಹುಲ್ಲು ಗಾಳಿಗೆ ಒಂದೇ ಕಡೆ ಮಲಗುತ್ತಿದೆ. ಆ ಹುಲ್ಲಿನ ಬಣ್ಣದ್ದೇ ಒಂದು ತುಣುಕು ತಲೆ ಎತ್ತುತ್ತದೆ. ಹೆಣ್ಣು. ಅದರ ಹಿಂದೆ ಇನ್ನೊಂದು, ಹಿಂದೆ ಹನ್ನೆರಡು. ಇಷ್ಟು ಹೊತ್ತೂ ಅಲ್ಲೇ ಇದ್ದವು. ಆಮೇಲೆ ಗಂಡು ಬರುತ್ತದೆ, ಅದನ್ನು ಯಾರೂ ಹುಡುಕಬೇಕಿಲ್ಲ. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಕಣ್ಣಿನ ಸುತ್ತ ಬಿಳಿ ಉಂಗುರ, ತಿರುಚಿ ತಿರುಚಿ ಮೇಲೇರಿದ ಎರಡು ಕೊಂಬು. ಮೂತಿಯನ್ನು ಆಕಾಶಕ್ಕೆ ಎತ್ತಿ, ಕೊಂಬನ್ನು ಬೆನ್ನಿಗೆ ಒರಗಿಸಿ, ಕಿವಿ ಕೆಳಗೆ ಬಿಟ್ಟು ಹೆಣ್ಣುಗಳ ಮುಂದೆ ಠೀವಿಯಿಂದ ಹಾದುಹೋಗುತ್ತದೆ. ಹೆಣ್ಣುಗಳು ಹುಲ್ಲು ಮೇಯುತ್ತಲೇ ಇವೆ. ಗಂಡು ತಿರುಗಿ ಬಂದು ಮತ್ತೆ ಹಾದುಹೋಗುತ್ತದೆ. ತನ್ನ ಸರಹದ್ದಿನ ಗುರುತಿಗೆ ಅದು ಒಂದೇ ಜಾಗದಲ್ಲಿ ಹಿಕ್ಕೆ ಹಾಕಿ ಗುಡ್ಡೆ ಮಾಡಿಟ್ಟಿದೆ. ಆ ಗುಡ್ಡೆಯ ಹತ್ತಿರ ಇನ್ನೊಂದು ಗಂಡು ಸುಳಿದರೆ ಮುಗಿಯಿತು. ಕೊಂಬಿಗೆ ಕೊಂಬು ತಾಗಿದ ಸದ್ದು ಗೋಪುರದವರೆಗೆ ಕೇಳುತ್ತದೆ, ಒಣ ಬಿದಿರು ತಾಗಿದಷ್ಟೇ ಸಣ್ಣಗೆ.

ಆಗ ಎಲ್ಲಿಂದಲೋ ಎರಡು ಊರನಾಯಿ. ಹಿಂಡಿನಲ್ಲಿ ಒಂದು ನೆಲ ಒದ್ದು ಮೇಲಕ್ಕೆ ಚಿಮ್ಮುತ್ತದೆ, ನಾಲ್ಕೂ ಕಾಲು ಗಾಳಿಯಲ್ಲಿ. ಅದರ ಹಿಂದೆ ಇನ್ನೊಂದು, ಮತ್ತೊಂದು. ಬಳಿಕ ಓಟ. ಗಂಟೆಗೆ 80 ಕಿಲೋಮೀಟರಿನ ವೇಗ ಅಂತ ಪುಸ್ತಕದಲ್ಲಿ ಓದಿದ್ದೀರಿ, ಕಣ್ಣಿಗೆ ಕಾಣುವುದು ಬರೀ ದೂಳಿನ ಗೆರೆ. ಈ ವೇಗ ನಾಯಿಗಾಗಿ ಬಂದದ್ದಲ್ಲ. ಇದೇ ಬಯಲುಸೀಮೆಯಲ್ಲಿ ಹಿಂದೆ ಚೀತಾ ಇದ್ದವು. ಅಟ್ಟಿಸುವವನು ಹೋದ, ಓಡುವವನು ಉಳಿದ.

ಇಳಿದು ಬರುವಾಗ ಬೇಲಿಯಾಚೆಯ ಹೊಲದಲ್ಲಿ ಒಬ್ಬರು ಬೀಡಿ ಸೇದುತ್ತಾ ನಿಂತಿರುತ್ತಾರೆ. ಜಿಂಕೆ ಕಂಡ್ವಾ ಅಂತ ಕೇಳುತ್ತಾರೆ. ಕಂಡ್ವು ಅಂದರೆ, "ನಿಮಗೆ ಅಲ್ಲಿ ಕಾಣ್ತವೆ, ನಮಗೆ ಇಲ್ಲೇ ಕಾಣ್ತವೆ ಬಿಡಿ," ಅಂತ ಕಡಲೆಕಾಯಿ ಹೊಲದ ಬದಿಯ ಗೊರಸಿನ ಗುರುತು ತೋರಿಸುತ್ತಾರೆ. ಪೈರು ಮೊಳಕೆಯೊಡೆದ ವಾರ ರಾತ್ರಿಯೆಲ್ಲ ಡಬ್ಬ ಬಡಿಯಬೇಕು. ಕೃಷ್ಣಮೃಗ ತಾನಾಗಿ ಅಲೆಯುವ ನೆಲ ಯಜ್ಞಕ್ಕೆ ಯೋಗ್ಯ ಅಂತ ಮನುಸ್ಮೃತಿಯಲ್ಲಿದೆ. ಹವಿಸ್ಸು ಯಾರ ಹೊಲದಿಂದ ಹೋಗಬೇಕು ಅಂತ ಬರೆದವರು ಹೇಳಿಲ್ಲ.

ರಾತ್ರಿ ಮಧುಗಿರಿ. ಬೆಟ್ಟ ಊರಿನ ತಲೆಯ ಮೇಲೇ ನಿಂತಿರುವುದರಿಂದ ಕತ್ತಲಲ್ಲೂ ಗೊತ್ತಾಗುತ್ತದೆ, ಆಕಾಶದ ಅಷ್ಟು ಭಾಗದಲ್ಲಿ ನಕ್ಷತ್ರವಿಲ್ಲ. ಏಷ್ಯಾದಲ್ಲೇ ಎರಡನೇ ದೊಡ್ಡ ಏಕಶಿಲೆ ಅಂತ ಆಟೊದವರಿಂದ ಹಿಡಿದು ಲಾಡ್ಜಿನವರವರೆಗೆ ಎಲ್ಲರೂ ಹೇಳುತ್ತಾರೆ. ಮೊದಲನೆಯದು ಯಾವುದು ಅಂದರೆ ಉತ್ತರ ಬೇರೆ ಬೇರೆ. ಅದೇನೇ ಇರಲಿ, 3,930 ಅಡಿ ಅನ್ನುವುದು ಕಾಲಿಗೆ ಗೊತ್ತಾಗುತ್ತದೆ. ಬೆಳಕು ಹರಿಯುವ ಮುಂಚೆ ಹೊರಡಬೇಡಿ ಅನ್ನುವ ಮಾತನ್ನು ಮಾತ್ರ ಕೇಳಿ. ಕರಡಿ ಈ ಸೀಮೆಯ ನಿಜವಾದ ನಿವಾಸಿ. ಬಂಡೆ ಸಂದಿಯಲ್ಲಿ ಹಗಲು ಕಳೆದು, ಸಂಜೆ ಇಳಿದು, ಗೆದ್ದಲು, ಜೇನು, ಈಚಲು ಹಣ್ಣು, ಸೀತಾಫಲ ಅಂತ ತಿರುಗಿ, ನಸುಕಿನಲ್ಲಿ ಮನೆಗೆ ಹೋಗುತ್ತದೆ. ಹೊಲಕ್ಕೆ ನೀರು ಹಾಯಿಸಲು ಹೊರಟವರಿಗೂ ಅದಕ್ಕೂ ದಾರಿಯಲ್ಲಿ ಭೇಟಿಯಾಗುವುದು ಆಗಲೇ. ತಿಮ್ಲಾಪುರದ ಕಾಡನ್ನು ವನ್ಯಜೀವಿಧಾಮ ಮಾಡಿದ್ದು ಮುಖ್ಯವಾಗಿ ಇವುಗಳಿಗಾಗಿ.

ಬೆಟ್ಟದ ಬುಡದಲ್ಲಿ ವೆಂಕಟರಮಣ, ಮಲ್ಲೇಶ್ವರ ಅಕ್ಕಪಕ್ಕದ ಮನೆಯವರು. ಮೊದಲ ಬಾಗಿಲುಗಳವರೆಗೆ ಮೆಟ್ಟಿಲಿದೆ, ನಗುತ್ತಾ ಹತ್ತಬಹುದು. ಆಮೇಲೆ ಬಂಡೆಗೆ ಕೊರೆದ ಕಚ್ಚು, ಹಿಡಿಯಲು ಕಬ್ಬಿಣದ ಸರಳು, ಎಡಕ್ಕೆ ನೋಡಿದರೆ ಬರೀ ಗಾಳಿ. ಅಂಗೈ ಬೆವರಿ ಸರಳು ಜಾರುತ್ತದೆ, ಒರೆಸಿಕೊಳ್ಳಲು ಕೈ ಬಿಡಬೇಕು, ಬಿಡಲು ಮನಸ್ಸಿಲ್ಲ. 17ನೇ ಶತಮಾನದಲ್ಲಿ ಈ ಕೋಟೆ ಕಟ್ಟಿಸಿದ ರಾಜಾ ಹಿರೇಗೌಡನ ಆಳುಗಳು ಇದೇ ಇಳಿಜಾರಿನಲ್ಲಿ ಹೊರೆ ಹೊತ್ತು ಏರಿದ್ದಾರೆ. ಮೇಲೆ ಪಾಳುಬಿದ್ದ ಗೋಪಾಲಸ್ವಾಮಿ ಗುಡಿ, ಕಣಜಗಳ ಗೋಡೆ, ನಿಲ್ಲಲು ಬಿಡದ ಗಾಳಿ. ಕೆಳಗೆ ಕಾಣುವ ಕೆರೆಗಳನ್ನು ಎಣಿಸಲು ಹೊರಟರೆ ಯಾವುದು ನೀರು, ಯಾವುದು ಅಂಗಳ ಅಂತ ಗುರುತಿಸುವುದರಲ್ಲೇ ಲೆಕ್ಕ ತಪ್ಪುತ್ತದೆ.

ಪಾವಗಡದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೂ ಒಳಗೇ ನೋಡಿ, ತರಗತಿ ಶುರುವಾಗುತ್ತದೆ. ಮಿಡಿಗೇಶಿಯಲ್ಲಿ ಇಬ್ಬರು ಹೆಂಗಸರು ಹತ್ತುತ್ತಾರೆ, ಒಬ್ಬಳ ಸೊಂಟದಲ್ಲಿ ಮಗು, ಇನ್ನೊಬ್ಬಳ ಕೈಯಲ್ಲಿ ಹೂವಿನ ಕವರು. ಮುಖ ನೋಡಿದರೆ ಅಕ್ಕತಂಗಿ. ನಿಮ್ಮನ್ನು "ಎಲ್ಲಿಗೆ ಸಾರ್?" ಅಂತ ಕೇಳಿದ್ದ ಕಂಡಕ್ಟರು ಅವರ ಕಡೆ ತಿರುಗಿದ್ದೇ, "ಯಾಡಿಕಮ್ಮಾ?"

"ಪಾವಗಡಾನಿಕಿ, ರೆಂಡು."

"ಕಾರ್ಡು ಚೂಪಿಂಚಮ್ಮಾ."

ಇಬ್ಬರೂ ಆಧಾರ್ ಕಾರ್ಡು ತೆಗೆಯುತ್ತಾರೆ. ಅಕ್ಕನ ಗಂಡನ ಮನೆ ಪಾವಗಡ ತಾಲ್ಲೂಕು. ತಂಗಿಯದು ಗಡಿಯಾಚೆ, ಮಡಕಶಿರಾ ಕಡೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಅಕ್ಕನಿಗೆ ಸೊನ್ನೆ ಚೀಟಿ, ತಂಗಿಗೆ ಪೂರ್ತಿ ಚಾರ್ಜು. ತಂಗಿ ತೆಲುಗಿನಲ್ಲಿ ಕಂಡಕ್ಟರನನ್ನು ಬೈಯುತ್ತಾಳೆ, ಕಂಡಕ್ಟರು ತೆಲುಗಿನಲ್ಲೇ ಸರ್ಕಾರವನ್ನು ಬೈದು, ಚಿಲ್ಲರೆ ಎಣಿಸುವಾಗ ಕನ್ನಡಕ್ಕೆ ಬರುತ್ತಾನೆ. ಹಿಂದಿನ ಸೀಟಿನಲ್ಲಿ ತಾಂಡಾದ ಮೂವರು ಲಂಬಾಣಿಯಲ್ಲಿ ಮಾತಾಡುತ್ತಿದ್ದಾರೆ. ಅವರಿಗೆ ಮುಂದಿನ ಜಗಳವೂ ಅರ್ಥವಾಗುತ್ತಿದೆ, ನಗು ಸರಿಯಾದ ಜಾಗದಲ್ಲೇ ಬರುತ್ತಿದೆ. ಇಷ್ಟು ಜನರಲ್ಲಿ ಒಂದೇ ಭಾಷೆಯವರು ನೀವೊಬ್ಬರೇ ಅಂತ ನಿಧಾನವಾಗಿ ಗೊತ್ತಾಗುತ್ತದೆ.

ಪಾವಗಡಕ್ಕೆ ಮೂರು ಕಡೆಯೂ ಆಂಧ್ರ. ಕಂದಾಯ ಇಲಾಖೆಗೆ ಇದು ತುಮಕೂರು ಜಿಲ್ಲೆಯ ತಾಲ್ಲೂಕು. ಶಿಕ್ಷಣ ಇಲಾಖೆಯ ನಕ್ಷೆಯಲ್ಲಿ ಮಾತ್ರ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಒಂದು ಬೇರೆ ಜಿಲ್ಲೆ, ಮಧುಗಿರಿ ಶೈಕ್ಷಣಿಕ ಜಿಲ್ಲೆ. ನೀವು ಸುತ್ತುತ್ತಿರುವ ನಾಲ್ಕು ತಾಲ್ಲೂಕು ಒಟ್ಟಾಗಿ ಒಂದು ನಾಡಾಗಿರುವುದು ಶಾಲೆಯ ಲೆಕ್ಕದಲ್ಲಿ. ಹಾಗಾಗಿ ಗಡಿ ಹಳ್ಳಿಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ.

ಆಟದ ಬಿಡುವು. ಅಂಗಳದಲ್ಲಿ ಕುಂಟೆಬಿಲ್ಲೆ ಚೌಕ ಎಳೆದು ಹುಡುಗಿಯರು ಕುಂಟುತ್ತಿದ್ದಾರೆ, ಎಣಿಕೆ ಒಕಟಿ, ರೆಂಡು, ಮೂಡು. ಗಂಟೆ ಹೊಡೆಯುತ್ತದೆ. ಅದೇ ಹುಡುಗಿಯರು ನಲಿ-ಕಲಿ ಕೋಣೆಗೆ ಓಡಿ, ವೃತ್ತಾಕಾರದಲ್ಲಿ ಕೂತು, ಮೇಡಂ ಜೊತೆ ಒಂದು, ಎರಡು, ಮೂರು ಅನ್ನುತ್ತಾರೆ. ದನಿಯಲ್ಲಿ ಯಾವ ತೊಡಕೂ ಇಲ್ಲ. ಮೂಲೆಯಲ್ಲೊಬ್ಬ ಪುಟ್ಟ ಅಳುತ್ತಿದ್ದಾನೆ, ಹೊಸದಾಗಿ ಸೇರಿದವನು. ಮೇಡಂ ಅವನನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು ತೆಲುಗಿನಲ್ಲಿ ಸಮಾಧಾನ ಮಾಡಿ, ಅವನು ಬಿಕ್ಕು ನಿಲ್ಲಿಸಿದ ಮೇಲೆ ಬೆರಳು ಹಿಡಿದು ಅ ತಿದ್ದಿಸುತ್ತಾರೆ. ಸ್ಲೇಟಿನ ಮೇಲೆ ಅವನ ಅ ಹೊಟ್ಟೆ ದಪ್ಪ, ಬಾಲ ಚಿಕ್ಕದು. ಹತ್ತು ವರ್ಷ ಕಳೆದರೆ ಇವನೂ ಕೊರಟಗೆರೆ ನಿಲ್ದಾಣದ ಹುಡುಗರ ಹಾಗೇ ಪ್ರಥಮ ಭಾಷೆ ಕನ್ನಡ ಬರೆಯಬೇಕು, ಮನೆಯಲ್ಲಿ ಅದು ಎರಡನೆಯದಾದರೂ. ಗಡಿ ಶಾಲೆಯ ಮೇಷ್ಟ್ರುಗಳ ಈ ಕೆಲಸಕ್ಕೆ ಯಾವ ರಾಜ್ಯೋತ್ಸವದ ಭಾಷಣವೂ ಸಾಟಿಯಿಲ್ಲ. ಅವರು ಮಗುವಿನ ಮನೆಮಾತನ್ನು ಬಾಗಿಲಾಚೆ ಬಿಡಿಸದೆ ಒಳಗೆ ಕರೆದುಕೊಳ್ಳುತ್ತಾರೆ.

ಶನಿವಾರವಾದರೆ ಪಾವಗಡ ಪೇಟೆಯಲ್ಲಿ ಶನಿಮಹಾತ್ಮನ ಗುಡಿಯ ಜನ, ಎರಡು ರಾಜ್ಯದ ಎಳ್ಳೆಣ್ಣೆ. ನಾಗಲಮಡಿಕೆಯಲ್ಲಿ ಸುಬ್ರಹ್ಮಣ್ಯನ ಗುಡಿ. ಕುಕ್ಕೆ, ಘಾಟಿ, ನಾಗಲಮಡಿಕೆ ಅಂತ ಮೂರು ಕ್ಷೇತ್ರ ಸುತ್ತುವ ಭಕ್ತರಿಗೆ ಇದು ಕೊನೆಯದು. ಪಕ್ಕದಲ್ಲಿ ಉತ್ತರ ಪಿನಾಕಿನಿಯ ಮರಳು.

ಕಡಲು ನೋಡಲೇಬೇಕು ಅಂದರೆ ತಿರುಮಣಿಗೆ ಹೋಗಿ. ರಸ್ತೆ ಒಂದು ಏರು ಹತ್ತಿ ಇಳಿಯುವಲ್ಲಿ ಕಣ್ಣಮುಂದೆ ನೀಲಿ ಬಯಲು, ಗುಡ್ಡದ ಬುಡದಿಂದ ಬುಡಕ್ಕೆ, ಬಿಸಿಲಿಗೆ ಹೊಳೆಯುತ್ತಾ. ನೀರೆಂದುಕೊಂಡ ಕಣ್ಣಿಗೆ ಸ್ವಲ್ಪ ಹೊತ್ತಿನ ಮೇಲೆ ಸಾಲುಗಳು ಕಾಣುತ್ತವೆ, ಕಬ್ಬಿಣದ ಕಾಲು ಕಾಣುತ್ತವೆ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಊರುಗಳ 13,000 ಎಕರೆ. 2050 ಮೆಗಾವಾಟ್ ಸೋಲಾರ್ ಪಾರ್ಕ್, 2018ರಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ತಿ. ಸರ್ಕಾರ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಏರಿಕೆ. ಕಡಲೆಕಾಯಿ ನೆಚ್ಚಿ ವರ್ಷ ವರ್ಷ ಸೋತವರಿಗೆ ಇದು ಮಳೆಯ ಹಂಗಿಲ್ಲದ ಬೆಳೆ. ಜಮೀನಿದ್ದವರಿಗೆ ಅನ್ನಬೇಕು. ಬೇಲಿಯ ಉದ್ದಕ್ಕೂ ಕುರಿ ಹೊಡೆದುಕೊಂಡು ಬರುತ್ತಿರುವ ಆ ಹುಡುಗನಿಗೆ ಎಕರೆಯೂ ಇಲ್ಲ, ಗುತ್ತಿಗೆಯೂ ಇಲ್ಲ. ಅವನ ಕುರಿಗಳು ಬೇಲಿಯೊಳಗಿನ ಹುಲ್ಲಿಗೆ ಮೂತಿ ಚಾಚಿ, ತಂತಿ ತಾಗಿ, ಮುಂದೆ ಹೋಗುತ್ತವೆ. ಬೇಲಿಯೊಳಗೆ ಹುಲ್ಲು ಸೊಂಪಾಗಿದೆ, ಪ್ಯಾನೆಲ್ ತೊಳೆದ ನೀರು ಅಲ್ಲೇ ಇಳಿಯುತ್ತದಲ್ಲ.

ಶಿರಾ ಕಡೆಗೆ ತಿರುಗಿದ ಮೇಲೆ ಬಯಲು ಇನ್ನಷ್ಟು ಹರವಾಗುತ್ತದೆ. ಕಳ್ಳಿ ಬೇಲಿಯೊಳಗೆ ಕಾಡುಗೊಲ್ಲರ ಹಟ್ಟಿಗಳು. ಇವರ ವೀರ ಜುಂಜಪ್ಪನ ಗುಡ್ಡೆ ಇದೇ ತಾಲ್ಲೂಕಿನ ಕಳುವರಹಳ್ಳಿಯಲ್ಲಿದೆ. ಅವನ ಕಥೆ ಹಾಡುವವರು ಜೊತೆಗೆ ಊದುವ ಗಣೆ ಉದ್ದನೆಯ ಬಿದಿರು, ಕೂತು ಊದಿದರೆ ತುದಿ ನೆಲಕ್ಕೆ ತಾಗುತ್ತದೆ.

ಶಿರಾ ಪೇಟೆಯಲ್ಲಿ ನಿಮ್ಮ ಕಿವಿ ಮತ್ತೊಂದು ಪಾಠಕ್ಕೆ ಸಿದ್ಧವಾಗಬೇಕು. ಟೀ ಅಂಗಡಿಯ ಚಾಚಾ ಗಲ್ಲೆಯ ಹಿಂದಿನಿಂದ ಕೆಲಸದ ಹುಡುಗನಿಗೆ, "ಕಾಂ ಗಯಾ ರೇ?" ಅಂತ ಕೂಗಿ, ನಿಮ್ಮ ಕಡೆ ತಿರುಗಿ, "ಸಕ್ಕರೆ ಕಮ್ಮಿ ಹಾಕ್ಲಾ ಸಾರ್?" ಅನ್ನುತ್ತಾರೆ. ನಡುವೆ ಒಂದು ಉಸಿರಿನ ಅಂತರವೂ ಇಲ್ಲ. 1687ರಲ್ಲಿ ಮೊಘಲರು ಶಿರಾವನ್ನು ಸುಬಾದ ರಾಜಧಾನಿ ಮಾಡಿದರು, ಅದಕ್ಕೂ ಮುಂಚೆ ಬಿಜಾಪುರದವರಿದ್ದರು, 1761ರಲ್ಲಿ ಹೈದರ್ ಬಂದ. ಬಿಜಾಪುರದ ಸುಬೇದಾರ ಮಲಿಕ್ ರಿಹಾನನ ಗೋರಿ, 1696ರ ಜುಮ್ಮಾ ಮಸೀದಿ ಇನ್ನೂ ಗಟ್ಟಿಯಾಗಿವೆ. ಸುಬೇದಾರಿಕೆಗಳೆಲ್ಲ ಹೋದರೂ ಚಾಚಾರ ಬಾಯಲ್ಲಿ ದಖನಿ ಉಳಿಯಿತು. ಕಲ್ಲಿಗಿಂತ ಇದಕ್ಕೇ ನಾನು ಹೆಚ್ಚು ಬೆರಗಾಗುತ್ತೇನೆ. ಯಾವ ಇಲಾಖೆಯೂ ಇದಕ್ಕೆ ಸುಣ್ಣ ಹೊಡೆಸಿಲ್ಲ.

ಕಗ್ಗಲಡು ಶಿರಾದಿಂದ ಹತ್ತು ಕಿಲೋಮೀಟರಿನೊಳಗೆ. ಊರು ಕಣ್ಣಿಗೆ ಬೀಳುವ ಮೊದಲು ಮೂಗಿಗೆ ಬೀಳುತ್ತದೆ: ಮೀನು, ಹಿಕ್ಕೆ, ಹುಣಸೆಯ ಹುಳಿ, ಮೂರೂ ಬೆರೆತ ವಾಸನೆ. ಸಾಲುಮನೆಗಳ ನಡುವೆ ದೊಡ್ಡ ಹುಣಸೆಮರಗಳು, ಮರದ ತುಂಬ ಕಡ್ಡಿಯ ಗೂಡು, ಗೂಡಿನ ತುಂಬ ಬಣ್ಣದ ಕೊಕ್ಕರೆ. 1990ರ ದಶಕದಲ್ಲಿ ಮೊದಲು ಬೂದು ಬಕಗಳು, ಅವುಗಳ ಹಿಂದೆ ಇವು. ಹೊರಗಿನವರಿಗೆ ಸುದ್ದಿ ತಿಳಿದದ್ದು 1999ರಲ್ಲಿ. ವರ್ಷದ ಮೊದಲ ತಿಂಗಳುಗಳಲ್ಲಿ ಬಂದು ಗೂಡು ಕಟ್ಟಿ, ಮರಿ ಹಾರಿಸಿಕೊಂಡು, ಮಳೆಗಾಲದ ನಡುವೆ ಹೊರಟುಹೋಗುತ್ತವೆ. ದಕ್ಷಿಣದಲ್ಲಿ ಈ ಹಕ್ಕಿಗೆ ಕೊಕ್ಕರೆ ಬೆಳ್ಳೂರು ಬಿಟ್ಟರೆ ಇದೇ ದೊಡ್ಡ ತಾಣ ಅನ್ನುತ್ತಾರೆ.

ಒಂದು ಮನೆಯ ಜಗುಲಿಯ ಮೇಲೆ ಕೂತು ತಲೆ ಎತ್ತಿ. ತೀರ ಹತ್ತಿರದ ಕೊಂಬೆಯಲ್ಲಿ ಒಂದು ಗೂಡು, ಒಳಗೆ ಮೂರು ಮರಿ, ಬೆಳ್ಳಗೆ, ಪುಕ್ಕ ಇನ್ನೂ ಕೆದರಿದ್ದು. ಬಿಸಿಲು ಗೂಡಿನ ಮೇಲೆ ನೇರ ಬೀಳುತ್ತಿದೆ. ತಾಯಿಯೋ ತಂದೆಯೋ, ಬಿಸಿಲಿಗೆ ಬೆನ್ನು ಕೊಟ್ಟು, ಎರಡೂ ರೆಕ್ಕೆ ಅರೆ ಬಿಚ್ಚಿ ನಿಂತಿದೆ. ಮರಿಗಳು ಆ ನೆರಳಿನೊಳಗೆ. ಸೂರ್ಯ ಸರಿದಂತೆ ಹಕ್ಕಿಯೂ ಕಾಲು ಬದಲಿಸಿ ಸರಿಯುತ್ತದೆ. ರೆಕ್ಕೆಯಂಚಿನಲ್ಲಿ ಗುಲಾಬಿ, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ, ಕಿತ್ತಳೆ ಬಣ್ಣದ ಬೋಳು ಮುಖ. ಜೊತೆಗಾರ ಕೆರೆಯಿಂದ ಬಂದಿಳಿದದ್ದೇ ಎರಡೂ ಕೊಕ್ಕು ಕಟಕಟ ಬಡಿಯುತ್ತವೆ, ಮರಿಗಳು ಕಿರುಚಿ ಕತ್ತು ಕುಣಿಸುತ್ತವೆ. ಬಂದವನು ಬಗ್ಗಿ ಗೂಡಿನ ನೆಲಕ್ಕೇ ಮೀನು ಕಕ್ಕುತ್ತಾನೆ. ಐದಾರು ಬೆಳ್ಳಿ ಚೂರು. ಗದ್ದಲದಲ್ಲಿ ಒಂದು ಜಾರಿ, ಕೊಂಬೆಗೆ ತಾಗಿ, ನಿಮ್ಮ ಬೂಟಿನ ಪಕ್ಕ ಬೀಳುತ್ತದೆ. ಮನೆಯ ಬೆಕ್ಕು ಇದಕ್ಕೇ ಕಾಯುತ್ತಿತ್ತು.

ಮಾರ್ಚ್ ಹುಣಸೆ ಬಡಿಯುವ ಕಾಲ. ಪಕ್ಕದ ಊರುಗಳಲ್ಲೆಲ್ಲ ಗಳ ಹಿಡಿದು ಮರ ಹತ್ತಿದ್ದಾರೆ, ಅಂಗಳಗಳಲ್ಲಿ ಹೆಂಗಸರು ಸುತ್ತಿಗೆಯಿಂದ ಬೀಜ ಬಿಡಿಸುತ್ತಿದ್ದಾರೆ. ಇಲ್ಲಿನ ಈ ಮರಗಳಲ್ಲಿ ಹಣ್ಣು ಹಾಗೇ ತೂಗಾಡುತ್ತಿದೆ. ಗೂಡಿರುವ ಮರಕ್ಕೆ ಗಳ ಇಕ್ಕುವುದಿಲ್ಲ. ಹಬ್ಬ ಬಂದರೂ ಮರದಡಿ ಪಟಾಕಿಯಿಲ್ಲ.

ಮನೆಯೊಡತಿ ತಂಬಿಗೆಯಲ್ಲಿ ನೀರು ತಂದುಕೊಟ್ಟು ಮೆಟ್ಟಿಲ ಮೇಲೆ ಕೂರುತ್ತಾರೆ. ಸೀರೆಯ ಸೆರಗು ತಲೆಯ ಮೇಲೆ. ಇಲ್ಲಿ ಅದು ಮರ್ಯಾದೆಗಿಂತ ಹೆಚ್ಚಾಗಿ ಮೇಲಿನಿಂದ ಬೀಳುವುದಕ್ಕೆ.

"ಈ ವಾಸನೆ, ಗಲೀಜು... ತೊಂದರೆ ಅನ್ನಿಸಲ್ವಾ ಅಮ್ಮ?"

"ಅನ್ಸುತ್ತೆ. ಯಾಕನ್ಸಲ್ಲ? ದಿನಾ ಎರಡು ಸಲ ಗುಡಿಸ್ತೀನಿ. ಬಸುರಿ ಬಾಣಂತೀರನ್ನ ಓಡ್ಸಕಾಗುತ್ತಾ?"

"ಹುಣಸೆಹಣ್ಣೂ ಹೋಯ್ತಲ್ಲ."

"ಈ ಮರದ್ದು ಹೋಯ್ತು. ಹೊಲದಲ್ಲಿ ಇನ್ನೊಂದೈತೆ, ಅದರಲ್ಲಿ ಕೂರಲ್ಲ ಇವು." ಅವರು ಎದ್ದು ಒಳಗೆ ಹೋಗಿ ಮೊರದಲ್ಲಿ ಒಂದು ಗುಡ್ಡೆ ತಂದು ನಿಮ್ಮ ಮುಂದಿಡುತ್ತಾರೆ. ಬೀಜ ತೆಗೆದ ಹೊಸ ಹಣ್ಣು, ಕೆಂಪಗೆ, ಅಂಟಂಟು. "ತಗೊಂಡೋಗಿ. ಕೇಜಿಗೆ ನೂರೈವತ್ತು."

ಶಿರಾ ಪೇಟೆಯಲ್ಲಿ ನೂರಮೂವತ್ತು ಅಂತ ಚಾಚಾ ಅಂಗಡಿಯಲ್ಲಿ ಯಾರೋ ಹೇಳಿದ್ದು ನೆನಪಾಗಿ ಹೇಳುತ್ತೀರಿ.

"ಅಲ್ಲಿಗೋಗಿ ತಗೊಳಿ ಹಂಗಾರೆ. ಅದರಲ್ಲಿ ನಾರೂ ಬರುತ್ತೆ, ಬೀಜಾನೂ ಬರುತ್ತೆ, ಎಲ್ಲಾ ತೂಕಕ್ಕೇ." ಮೊರ ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಎರಡೇ ಗೇಣು. ನೂರನಲವತ್ತಕ್ಕೆ ಒಪ್ಪಿಗೆಯಾಗುತ್ತದೆ. ತೂಗಲು ತಕ್ಕಡಿ ಪಕ್ಕದ ಮನೆಯಲ್ಲಿದೆ, ಮೊಮ್ಮಗ ತರಲು ಓಡಿದ್ದಾನೆ. ಶಿರಾಕ್ಕೆ ಹೋಗುವ ಆಟೊ ಆಗಲೇ ಊರ ಮುಂದೆ ಹಾರನ್ ಹೊಡೆಯುತ್ತಿದೆ, ಆರು ಜನ ಇನ್ನೂ ಆಗಿಲ್ಲವಂತೆ.